ಓಡಿಸಲು ಎಲ್ಲರೂ ಕಲಿಸಿದರು, ನಿಲ್ಲಿಸಲು ಯಾರೂ ಕಲಿಸಲಿಲ್ಲ

ಕುರುಬರಹಳ್ಳಿ ಸರ್ಕಲ್‌ನಿಂದ ನಮ್ಮ ಮನೆಗೆ ಬೈಕಿನಲ್ಲಿ ಐದು ನಿಮಿಷದ ದಾರಿ. ಕಳೆದ ವರ್ಷ ಸೆಪ್ಟೆಂಬರ್‌ನ ಒಂದು ಸಂಜೆ, ಟ್ಯೂಷನ್ ಮುಗಿಸಿದ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಆಗಷ್ಟೇ ಮಳೆ ನಿಂತಿತ್ತು. ಸ್ಪೀಡೇನೂ ಇರಲಿಲ್ಲ, ಮೂವತ್ತೈದು ಇದ್ದಿರಬಹುದು. ಫುಟ್‌ಪಾತ್‌ನಿಂದ ಯಾರೋ ಕೈ ಬೀಸಿದ್ದು ಕಂಡು ಮುಂದಿದ್ದ ಆಟೊ ಗಕ್ಕನೆ ನಿಂತಿತು. ನಾನು ಬಲಗಾಲಿನಲ್ಲಿ ಹಿಂದಿನ ಬ್ರೇಕನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದೆ. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಬೈಕ್ ಮಾತ್ರ ನಿಲ್ಲಲಿಲ್ಲ. ಅಡ್ಡಡ್ಡ ಜಾರಿಕೊಂಡು ಹೋಯಿತು. ಇಬ್ಬರೂ ರಸ್ತೆ ಮೇಲೆ ಬಿದ್ದೆವು.

ನನಗೆ ಮೊಣಕಾಲು ತರಚಿತು. ತಂಗಿಯ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿ ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಕೂತಳು, ಮಧ್ಯಂತರ ಪರೀಕ್ಷೆ ಬರೆಯಲಾಗಲಿಲ್ಲ. ನೋಡಲು ಬಂದವರೆಲ್ಲ ಆಟೊದವರಿಗೆ ಬೈದರು, ಮಳೆಗೆ ಬೈದರು, ರಸ್ತೆಗೆ ಬೈದರು. ನನಗೆ ಯಾರೂ ಬೈಯಲಿಲ್ಲ. ಆದರೆ ನನಗೊಬ್ಬನಿಗೆ ಒಂದು ವಿಷಯ ಗೊತ್ತಿತ್ತು. ಆ ಬೈಕಿನ ಮುಂದಿನ ಬ್ರೇಕ್ ಚೆನ್ನಾಗಿಯೇ ಇತ್ತು. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಯಾಕೆ ಮುಟ್ಟಲಿಲ್ಲ? ಬೈಕ್ ಕಲಿಯುವಾಗ ಅಪ್ಪ, ಮಾವ, ಓಣಿಯ ಅಣ್ಣಂದಿರು ಎಲ್ಲರೂ ಹೇಳಿಕೊಟ್ಟ ಮೊದಲ ಪಾಠ ಒಂದೇ: “ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ.” ಈ ಲೇಖನ ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಜನಕ್ಕಾದರೂ ಇದೇ ಪಾಠ ಆಗಿರುತ್ತದೆ. ತಮಾಷೆ ಎಂದರೆ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಿನ ಚಕ್ರದ ಕಡೆಗೆ ವಾಲುತ್ತದೆ, ಹಾಗಾಗಿ ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಚಕ್ರದಲ್ಲೇ ಇರುತ್ತದೆ ಎಂದು ಪರೀಕ್ಷೆಯಲ್ಲಿ ಲೆಕ್ಕ ಮಾಡಿ ಅಂಕ ತೆಗೆದುಕೊಂಡವನು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಅಪಾಯ ಎದುರಾದ ಕ್ಷಣದಲ್ಲಿ ಕೆಲಸ ಮಾಡುವುದು ಕೈಕಾಲು, ತಲೆಯಲ್ಲ.

ಎಂಟು ಹಾಕಿದರೆ ಲೈಸೆನ್ಸ್

ಲೈಸೆನ್ಸ್ ತೆಗೆದುಕೊಂಡ ದಿನಗಳನ್ನು ನೆನಪಿಸಿಕೊಳ್ಳಿ. ಎಲ್‌ಎಲ್‌ಗೆ ಕಂಪ್ಯೂಟರ್ ಮುಂದೆ ಕೂತು ಚಿಹ್ನೆಗಳನ್ನು ಗುರುತಿಸಿದೆವು. ಡಿಎಲ್‌ಗೆ ಬೈಕಿನಲ್ಲಿ ‘ಎಂಟು’ ಹಾಕಿದೆವು. ಕಾಲು ನೆಲಕ್ಕೆ ತಾಗದಿದ್ದರೆ ಪಾಸ್. ನನ್ನ ಪರೀಕ್ಷೆ ಇಷ್ಟೇ ಇತ್ತು. ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಬೈಕ್ ಓಡಿಸಬಲ್ಲೆ ಎಂದು ಸಾಬೀತು ಮಾಡಿ, ನಲವತ್ತು, ಐವತ್ತು, ಅರವತ್ತರ ವೇಗದ ರಸ್ತೆಗೆ ಇಳಿಯುವ ಹಕ್ಕು ಪಡೆದೆ.

ಕಾರು ಕಲಿತದ್ದು ಡ್ರೈವಿಂಗ್ ಸ್ಕೂಲ್‌ನಲ್ಲಿ. ಕ್ಲಚ್ ಬಿಡುವುದು, ಗೇರ್ ಹಾಕುವುದು, ಏರಿನಲ್ಲಿ ಹಿಂದೆ ಜಾರದಂತೆ ಹೊರಡುವುದು, ರಿವರ್ಸ್ ತೆಗೆಯುವುದು ಎಲ್ಲ ಹೇಳಿಕೊಟ್ಟರು. ಪಾಠ ಮಾಡುವವರು ಒಳ್ಳೆಯವರು, ತಾಳ್ಮೆ ಇದ್ದವರು. ಆದರೆ ಅವರ ಕಾಲ ಕೆಳಗೂ ಒಂದು ಬ್ರೇಕ್ ಪೆಡಲ್ ಇತ್ತು. ನಾಯಿ ಅಡ್ಡ ಬಂದಾಗ, ಸ್ಕೂಟರ್ ನುಗ್ಗಿದಾಗ, ಮಗು ಓಡಿ ಬಂದಾಗ ಬ್ರೇಕ್ ಹಾಕಿದ್ದು ಅವರು. ನಾನು ಕಲಿತ ಅಷ್ಟೂ ದಿನಗಳಲ್ಲಿ ನಿಜವಾದ ತುರ್ತು ಬ್ರೇಕನ್ನು ಒಮ್ಮೆಯೂ ನನ್ನ ಕಾಲು ಹಾಕಲಿಲ್ಲ. ಯೋಚಿಸಿ ನೋಡಿದರೆ ಇದು ವಿಚಿತ್ರ. ಯಾವುದು ಅತಿ ಕಷ್ಟವೋ ಅದನ್ನು ಮಾತ್ರ ಶಿಷ್ಯನ ಪರವಾಗಿ ಗುರುವೇ ಮಾಡಿಬಿಡುತ್ತಾರೆ. ಲೈಸೆನ್ಸ್ ಬಂದ ಮೇಲೆ ಪಕ್ಕದ ಸೀಟಿನಲ್ಲಿ ಗುರುವೂ ಇರುವುದಿಲ್ಲ, ಎರಡನೇ ಪೆಡಲ್ಲೂ ಇರುವುದಿಲ್ಲ.

ನಿಯಮ ಇದೆ, ರೂಢಿ ಇಲ್ಲ

ಹೊಸ ಕಾನೂನು ತನ್ನಿ ಎಂದು ನಾನು ಕೇಳುತ್ತಿಲ್ಲ. ಕಾನೂನು ನಾನು ಹುಟ್ಟುವ ಮೊದಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 15ನೇ ನಿಯಮ ಚಾಲನಾ ಪರೀಕ್ಷೆಗೆ ಸಂಬಂಧಿಸಿದ್ದು. ಕನ್ನಡಿ ಸರಿಪಡಿಸಿಕೊಳ್ಳುವುದರಿಂದ ಹಿಡಿದು ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕು ಎಂಬ ಪಟ್ಟಿ ಅದರಲ್ಲಿದೆ. ತುರ್ತು ಸಂದರ್ಭದಲ್ಲಿ ವಾಹನವನ್ನು ನಿಲ್ಲಿಸುವುದೂ ಆ ಪಟ್ಟಿಯಲ್ಲೇ ಇದೆ. ನನ್ನನ್ನು ಇದನ್ನು ಯಾರೂ ಕೇಳಲಿಲ್ಲ. ನಮ್ಮ ಕ್ಲಾಸಿನಲ್ಲಿ ಲೈಸೆನ್ಸ್ ಇರುವ ಗೆಳೆಯರನ್ನು ವಿಚಾರಿಸಿದೆ. ಅವರಲ್ಲೂ ಒಬ್ಬರನ್ನೂ ಕೇಳಿರಲಿಲ್ಲ.

ಬೇರೆ ಕಡೆ ಕೇಳುತ್ತಾರೆ. ಬ್ರಿಟನ್‌ನಲ್ಲಿ ಬೈಕ್ ಲೈಸೆನ್ಸ್ ಬೇಕಾದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು, ಪರೀಕ್ಷಕರು ಸೂಚನೆ ಕೊಟ್ಟ ತಕ್ಷಣ ಬೀಳದೆ, ಜಾರದೆ ನಿಲ್ಲಿಸಬೇಕು. ಜರ್ಮನಿಯಲ್ಲಿ ಕಾರಿನ ಪರೀಕ್ಷೆಯಲ್ಲೂ ಅಪಾಯದ ಬ್ರೇಕ್ ಒಂದು ಅಧಿಕೃತ ಅಭ್ಯಾಸ. ಇದಕ್ಕೆ ಬೇಕಾದ್ದು ಒಂದಿಷ್ಟು ಉದ್ದದ ನೇರ ದಾರಿ ಮತ್ತು ಒಂದು ಸಿಗ್ನಲ್ ದೀಪ. ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ, ಮಲ್ಲತ್ತಹಳ್ಳಿಯಲ್ಲಿ, ಸೆನ್ಸರ್ ಇಟ್ಟು ಅಂಕ ಕೊಡುವ ಸ್ವಯಂಚಾಲಿತ ಪರೀಕ್ಷಾ ಪಥ ಇದೆ. ಎಂಟು ಹಾಕುವಾಗ ಗೆರೆ ಮುಟ್ಟಿದ್ದನ್ನು ಹಿಡಿಯಬಲ್ಲ ತಂತ್ರಜ್ಞಾನಕ್ಕೆ, ದೀಪ ಕೆಂಪಾದ ಮೇಲೆ ಗಾಡಿ ಎಷ್ಟು ಮೀಟರ್‌ಗೆ ನಿಂತಿತು ಎಂದು ಅಳೆಯುವುದು ದೊಡ್ಡ ಕೆಲಸವಲ್ಲ.

ಒಂದು ಸೆಕೆಂಡಿನ ಬೆಲೆ

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಭೌತಶಾಸ್ತ್ರ ಸಾಕು.

ಅಪಾಯ ಕಣ್ಣಿಗೆ ಬಿದ್ದು, ಮೆದುಳಿಗೆ ತಿಳಿದು, ಕೈಕಾಲು ಬ್ರೇಕ್ ಮುಟ್ಟುವುದಕ್ಕೆ ಎಚ್ಚರವಾಗಿರುವ ಚಾಲಕನಿಗೂ ಸುಮಾರು ಒಂದು ಸೆಕೆಂಡ್ ಬೇಕು ಎಂದುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನ ಉದ್ದ. ಬ್ರೇಕ್ ಇನ್ನೂ ಶುರುವಾಗಿಲ್ಲ! ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಾಕಿದರೆ ಇನ್ನೊಂದು 9 ಮೀಟರ್. ಒಟ್ಟು 20. ಮಳೆಯಾಗಿದ್ದರೆ ಒಟ್ಟು 27ರ ಹತ್ತಿರ. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ, ಒಣ ರಸ್ತೆಯಲ್ಲೂ ಆ 9 ಮೀಟರ್ ದುಪ್ಪಟ್ಟಾಗುತ್ತದೆ.

ಈಗ ಇಬ್ಬರು ಗೆಳೆಯರು ಪಕ್ಕಪಕ್ಕದಲ್ಲಿ ಹೋಗುತ್ತಿದ್ದಾರೆ ಎಂದುಕೊಳ್ಳಿ. ಒಬ್ಬನದು 40, ಇನ್ನೊಬ್ಬನದು 60. ಒಂದೇ ಕ್ಷಣಕ್ಕೆ ಇಬ್ಬರಿಗೂ ಎದುರಿಗೆ ಮಗು ಕಾಣಿಸುತ್ತದೆ. ಇಬ್ಬರ ಚುರುಕುತನವೂ ಒಂದೇ, ಬ್ರೇಕೂ ಒಂದೇ. ಮೊದಲನೆಯವನು 20 ಮೀಟರ್‌ಗೆ ಪೂರ್ತಿ ನಿಲ್ಲುತ್ತಾನೆ. ಅದೇ ಜಾಗದಲ್ಲಿ ಎರಡನೆಯವನ ವೇಗ ಎಷ್ಟಿರುತ್ತದೆ? ನಾನು ಕೇಳಿದಾಗ ಗೆಳೆಯರು “20 ಇರಬಹುದು” ಎಂದರು. 60ರಲ್ಲಿ 40 ಕಳೆದರೆ 20 ತಾನೇ! ಉತ್ತರ ಸುಮಾರು 55. ಯಾಕೆಂದರೆ ಆ 20 ಮೀಟರ್‌ನಲ್ಲಿ 17 ಮೀಟರ್ ಅವನ ಯೋಚನೆಯಲ್ಲೇ ಮುಗಿದಿರುತ್ತದೆ. ಈ ಒಂದು ಲೆಕ್ಕ ಮಾಡಿದ ದಿನದಿಂದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವ ನನ್ನ ಚಟ ಬಿಟ್ಟುಹೋಯಿತು.

ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇವರೆಲ್ಲ ಬ್ರೇಕ್ ಹಾಕಲು ಬಾರದೆ ಸತ್ತರು ಎಂದು ಹೇಳುವುದು ಅನ್ಯಾಯ. ಗುಂಡಿ, ಕುಡಿತ, ಅತಿವೇಗ, ಹೆಲ್ಮೆಟ್ ಇಲ್ಲದಿರುವುದು ಹೀಗೆ ಕಾರಣ ಹಲವು. ಆದರೆ ಬಹುತೇಕ ಅಪಘಾತಗಳ ಕೊನೆಯ ಒಂದೆರಡು ಸೆಕೆಂಡಿನಲ್ಲಿ ಯಾರೋ ಒಬ್ಬರ ಕೈಯೋ ಕಾಲೋ ಬ್ರೇಕ್ ಮೇಲೆ ಇರುತ್ತದೆ. ಆ ಒಂದೆರಡು ಸೆಕೆಂಡಿಗೆ ನಾವು ಯಾರಿಗೂ ಏನೂ ಕಲಿಸಿಲ್ಲ.

ಭಾರಿ ವಾಹನಗಳ ವಿಷಯದಲ್ಲಿ ಇದು ಇನ್ನೂ ಭಯಂಕರ. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿಯ ತಾಳೆಕೆರೆಯಲ್ಲಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಎದುರು ಬರುತ್ತಿದ್ದ ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ ಆರು ಮಂದಿ ಹೋದರು. ಮುಂದಿದ್ದ ಕಾರು ದಿಢೀರ್ ಬ್ರೇಕ್ ಹಾಕಿದ್ದರಿಂದ ಅದನ್ನು ತಪ್ಪಿಸಲು ಸ್ಟೀರಿಂಗ್ ತಿರುಗಿಸಿದೆ ಎಂದು ಲಾರಿ ಚಾಲಕ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ಪ್ರಕರಣದಲ್ಲಿ ಯಾರ ತಪ್ಪು ಎಷ್ಟು ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅಂಥ ಕ್ಷಣದಲ್ಲಿ ಎಲ್ಲಿ ಬ್ರೇಕ್ ಸಾಕು, ಎಲ್ಲಿ ಸ್ಟೀರಿಂಗ್ ಮುಟ್ಟಬಾರದು ಎಂಬುದು ಹುಟ್ಟಿನಿಂದ ಯಾರಿಗೂ ಬರುವುದಿಲ್ಲ. ಅದನ್ನು ಕಲಿಸಬೇಕು. ತುಮಕೂರು ರಸ್ತೆಯಲ್ಲಿ ಪ್ರತಿ ರಾತ್ರಿ ಸಾಲುಗಟ್ಟಿ ಹೋಗುವ ಲಾರಿಗಳನ್ನು ಕಂಡಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ.

ಚಾಕ್‌ಪೀಸು, ಟೇಪು ಮತ್ತು ಒಂದು ಭಾನುವಾರ

ತಂಗಿಯ ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಮತ್ತು ಇಬ್ಬರು ಗೆಳೆಯರು ನಮ್ಮ ಮೇಷ್ಟ್ರ ಹತ್ತಿರ ಹೋಗಿ, ಕಾಲೇಜಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಲು ಅನುಮತಿ ಕೇಳಿದೆವು. “ಹೆಲ್ಮೆಟ್, ಶೂ, ದಪ್ಪ ಜಾಕೆಟ್ ಇಲ್ಲದಿದ್ದರೆ ಗೇಟ್ ತೆಗೆಯಲ್ಲ” ಎಂದರು. ತಾವೂ ಬಂದರು.

ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. 30ರ ವೇಗದಲ್ಲಿ ಬಂದು ಗೆರೆ ದಾಟಿದ ತಕ್ಷಣ ಬ್ರೇಕ್. ಹಿಂದಿನ ಬ್ರೇಕ್ ಮಾತ್ರ ಹಾಕಿದಾಗ ಅಪ್ಪನ ಹಳೆಯ ನೂರು ಸಿಸಿ ಬೈಕ್ 10 ಮೀಟರ್ ದಾಟಿ ನಿಂತಿತು, ಅದೂ ಬಾಲ ಆಡಿಸುತ್ತಾ. ಎರಡೂ ಬ್ರೇಕ್ ಒಟ್ಟಿಗೆ ಹಾಕಿದಾಗ 6 ಮೀಟರ್ ಸುತ್ತಮುತ್ತ. ನಾಲ್ಕು ಮೀಟರ್ ಉಳಿಯಿತು! ಆ ಸಂಜೆ ನನಗೂ ಆಟೊಗೂ ನಡುವೆ ಇನ್ನು ನಾಲ್ಕು ಮೀಟರ್ ಇದ್ದಿದ್ದರೆ ಎಂದು ನೆನೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮುಂದಿನ ಬ್ರೇಕಿನಿಂದ ಪಲ್ಟಿ ಹೊಡೆಯಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಪಲ್ಟಿ ಹೊಡೆಸುವುದು ಬ್ರೇಕ್ ಅಲ್ಲ, ಅದನ್ನು ಗಬಕ್ಕನೆ ಕಿತ್ತುಕೊಳ್ಳುವಂತೆ ಎಳೆಯುವುದು. ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆತ್ತಗೆ, ಭಾರ ಮುಂದಕ್ಕೆ ಬಂದ ಮೇಲೆ ಬಿಗಿಯಾಗಿ ಹಿಂಡಬೇಕು. ಹ್ಯಾಂಡಲ್ ನೇರ ಇರಬೇಕು. ಕಣ್ಣು ದೂರ ನೋಡಬೇಕು. ತಿರುವಿನಲ್ಲಿದ್ದರೆ ಮೊದಲು ಗಾಡಿಯನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಮರಳು, ಒದ್ದೆ, ಎಣ್ಣೆ ಇದ್ದಲ್ಲಿ ಕೈ ಇನ್ನೂ ಮೃದುವಾಗಬೇಕು. ಕ್ಲಚ್ ಕೊನೆಗೆ. ಓದಲು ಅರ್ಧ ನಿಮಿಷ ಸಾಕು. ಕೈಗೆ ಬರಲು ನಮಗೆ ಮೂವತ್ತು, ನಲವತ್ತು ಸಲ ಮಾಡಬೇಕಾಯಿತು.

ಗಾಡಿಗೆ ಬುದ್ಧಿ ಬಂದಿದೆ, ನಮಗೆ?

“ಈಗ ಎಬಿಎಸ್ ಬಂದಿದೆಯಲ್ಲ, ಗಾಡಿಯೇ ನೋಡಿಕೊಳ್ಳುತ್ತೆ” ಎನ್ನುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕಾಂಬಿ ಬ್ರೇಕ್ ಕಡ್ಡಾಯವಾಯಿತು. ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಎಬಿಎಸ್ ಇರಬೇಕು ಎಂಬ ಕರಡು ನಿಯಮವನ್ನು 2025ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿತು. ಒಳ್ಳೆಯದೇ. ಚಕ್ರ ಲಾಕ್ ಆಗದಂತೆ ತಡೆಯುವುದರಿಂದ ನನ್ನಂಥವರು ಜಾರಿ ಬೀಳುವುದು ಕಡಿಮೆಯಾಗುತ್ತದೆ.

ಆದರೆ ಎಬಿಎಸ್ ಬ್ರೇಕ್ ಹಾಕುವುದಿಲ್ಲ. ಹಾಕಿದ ಬ್ರೇಕನ್ನು ಹದಮಾಡುತ್ತದೆ, ಅಷ್ಟೇ. ಅದು ಕೆಲಸ ಮಾಡುವಾಗ ಕಾರಿನ ಪೆಡಲ್ ಪಾದದ ಕೆಳಗೆ ಗಡಗಡ ನಡುಗುತ್ತದೆ. ಮೊದಲ ಸಲ ಇದನ್ನು ಅನುಭವಿಸಿದವರು ಏನೋ ಮುರಿಯಿತು ಎಂದು ಹೆದರಿ ಕಾಲು ತೆಗೆದುಬಿಡುತ್ತಾರೆ. ನನ್ನ ಮಾವ ಹಾಗೆ ಮಾಡಿದ್ದಾರೆ, ಕಾರು ಕೊಂಡು ಮೂರು ವರ್ಷ ಆದ ಮೇಲೆ! ಸರಿಯಾದ ವಿಧಾನ ಇದಕ್ಕೆ ತದ್ವಿರುದ್ಧ. ಜೋರಾಗಿ ಒತ್ತಿ, ಒತ್ತಿಯೇ ಹಿಡಿದು, ಜಾಗ ಇದ್ದರೆ ಸ್ಟೀರಿಂಗ್ ತಿರುಗಿಸಬೇಕು. ಅಪಾಯದಲ್ಲಿ ಜನ ಸಾಕಷ್ಟು ಜೋರಾಗಿ ಪೆಡಲ್ ಒತ್ತುವುದೇ ಇಲ್ಲ ಎಂದು ಪರೀಕ್ಷೆಗಳಲ್ಲಿ ಕಂಡುಕೊಂಡ ಮರ್ಸಿಡಿಸ್ ಬೆಂಜ್, 1996ರಲ್ಲಿ ಚಾಲಕನ ಪರವಾಗಿ ಪೂರ್ತಿ ಬ್ರೇಕ್ ಹಾಕಿಕೊಡುವ ‘ಬ್ರೇಕ್ ಅಸಿಸ್ಟ್’ ತಂದಿತು. ಅಷ್ಟು ದುಬಾರಿ ಕಾರಿನವರಿಗೇ ಈ ಗತಿಯಾದರೆ, ಹಳೆಯ ಸ್ಕೂಟರ್‌ನಲ್ಲಿ ಊಟದ ಪಾರ್ಸೆಲ್ ಹೊತ್ತು ಓಡುವ ನಮ್ಮ ಗೆಳೆಯರ ಕಥೆ ಏನು?

ನಮ್ಮ ಕುರುಬರಹಳ್ಳಿಯಲ್ಲೇ ಡಿಗ್ರಿ ಮುಗಿಸಿ ಕೆಲಸ ಸಿಗುವ ತನಕ ಎಂದು ಡೆಲಿವರಿಗೆ ಇಳಿದ ಹುಡುಗರು ಹಲವರಿದ್ದಾರೆ. ನನ್ನ ಜತೆ ಹೈಸ್ಕೂಲ್ ಓದಿದ ಒಬ್ಬನನ್ನು ಕೇಳಿದೆ. ಆ್ಯಪ್ ಬಳಸುವುದು, ಗ್ರಾಹಕರ ಜತೆ ಮಾತನಾಡುವುದು ಹೇಳಿಕೊಟ್ಟರಂತೆ. ಗಾಡಿಯ ಬಗ್ಗೆ? “ಡಿಎಲ್ ಫೋಟೊ ಅಪ್‌ಲೋಡ್ ಮಾಡಿದೆ, ಅಷ್ಟೇ ಮಗಾ.” ದಿನಕ್ಕೆ ಹತ್ತು ಗಂಟೆ ರಸ್ತೆಯಲ್ಲಿರುವವನ ತರಬೇತಿ ಇಷ್ಟು.

ಅತಿಯಾದ ಧೈರ್ಯ ಬಂದರೆ?

ಒಂದು ಆಕ್ಷೇಪಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕು. ಇಂಥದ್ದನ್ನೆಲ್ಲ ಕಲಿಸಿದರೆ ಹುಡುಗರು “ನಂಗೆ ಬ್ರೇಕ್ ಹಾಕೋಕೆ ಬರುತ್ತೆ” ಎಂದು ಇನ್ನೂ ಜೋರಾಗಿ ಓಡಿಸುವುದಿಲ್ಲವೇ? ಇದು ಸುಮ್ಮನೆ ಎತ್ತಿದ ಪ್ರಶ್ನೆಯಲ್ಲ. ನಾರ್ವೆಯಲ್ಲಿ ಹಿಮದ ರಸ್ತೆಯಲ್ಲಿ ಜಾರುವ ಕಾರನ್ನು ಹತೋಟಿಗೆ ತರುವ ತರಬೇತಿಯನ್ನು ಕಡ್ಡಾಯ ಮಾಡಿದ ಮೇಲೆ, 1980ರ ದಶಕದ ಅಧ್ಯಯನವೊಂದರಲ್ಲಿ ಯುವಕರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾದದ್ದು ಕಂಡುಬಂತು. ತರಬೇತಿ ಕೌಶಲಕ್ಕಿಂತ ಹೆಚ್ಚಾಗಿ ಆತ್ಮವಿಶ್ವಾಸವನ್ನು ಕೊಟ್ಟುಬಿಟ್ಟಿತ್ತು.

ಹಾಗಾಗಿ ಹೇಗೆ ಕಲಿಸುತ್ತೇವೆ ಎಂಬುದು ಮುಖ್ಯ. “ನೀನು ಹೀರೊ” ಎಂದು ಹೇಳುವ ತರಬೇತಿ ಬೇಡ. ನಮ್ಮ ಆ ಭಾನುವಾರದ ಅಭ್ಯಾಸದಲ್ಲಿ ಮೇಷ್ಟ್ರು ಒಂದು ಉಪಾಯ ಮಾಡಿದರು. ಬ್ರೇಕ್ ಹಾಕುವ ಮೊದಲು ಎಲ್ಲಿ ನಿಲ್ಲುತ್ತೀರಿ ಎಂದು ಪ್ರತಿಯೊಬ್ಬರೂ ನೆಲದ ಮೇಲೆ ಗುರುತು ಹಾಕಬೇಕು ಎಂದರು. ಒಬ್ಬನೂ ತನ್ನ ಗುರುತಿನೊಳಗೆ ನಿಲ್ಲಲಿಲ್ಲ. ಮೂವರೂ ದಾಟಿ ಹೋದೆವು. “ಆ ಗೆರೆಯಿಂದ ಈಚೆಗೆ ಇರೋದೇ ಆಕ್ಸಿಡೆಂಟ್” ಎಂದರು ಮೇಷ್ಟ್ರು. ನಾವು ಮೂವರೂ ಅವತ್ತು ಮನೆಗೆ ಹಿಂದಿಗಿಂತ ನಿಧಾನವಾಗಿಯೇ ಹೋದೆವು. ಒಳ್ಳೆಯ ಪಾಠ ನಮ್ಮ ಮಿತಿಯನ್ನು ತೋರಿಸಬೇಕು.

“ಮೊದಲು ರಸ್ತೆ ಸರಿಮಾಡಲಿ, ಆಮೇಲೆ ಬ್ರೇಕ್ ಕಲಿಯೋಣ” ಎನ್ನುವ ಮಾತೂ ಇದೆ. ರಸ್ತೆ ಸರಿಯಾಗಲೇಬೇಕು, ಬಣ್ಣ ಬಳಿಯದ ಹಂಪ್‌ಗಳಿಗೆ ಬಣ್ಣ ಬಳಿಯಲೇಬೇಕು. ಆದರೆ ಗುಂಡಿ ಇರುವ ಊರಿನವರಿಗೇ ಬ್ರೇಕ್ ಚೆನ್ನಾಗಿ ಬರಬೇಕಾದ ಅಗತ್ಯ ಹೆಚ್ಚು, ಅಲ್ಲವೇ?

ಏನು ಮಾಡಬಹುದು?

ನನ್ನ ಕೋರಿಕೆ ಚಿಕ್ಕದು. ಡ್ರೈವಿಂಗ್ ಸ್ಕೂಲ್‌ಗಳು ಒಂದೇ ಒಂದು ತರಗತಿಯನ್ನು ಖಾಲಿ ಮೈದಾನದಲ್ಲಿ ತುರ್ತು ಬ್ರೇಕ್‌ಗೆ ಮೀಸಲಿಡಲಿ. ಆ ಒಂದು ಗಂಟೆ ಗುರುಗಳು ತಮ್ಮ ಪೆಡಲ್‌ನಿಂದ ಕಾಲು ತೆಗೆಯಲಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟಿನ ಜತೆಗೆ ಒಂದು ನೇರ ದಾರಿ, ಒಂದು ಕೆಂಪು ದೀಪ ಇರಲಿ. ನಿಯಮದಲ್ಲಿ ಬರೆದಿರುವುದನ್ನೇ ಮಾಡಿಸಲಿ. ನಮ್ಮ ಕಾಲೇಜುಗಳಲ್ಲಿ ಎನ್ಎಸ್ಎಸ್ ಘಟಕಗಳಿವೆ, ಖಾಲಿ ಜಾಗವಿದೆ, ಭೌತಶಾಸ್ತ್ರ ಗೊತ್ತಿರುವ ಮೇಷ್ಟ್ರುಗಳಿದ್ದಾರೆ. ರಸ್ತೆ ಸುರಕ್ಷತಾ ಸಪ್ತಾಹ ಎಂದು ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಬದಲು ಒಂದು ಬೆಳಗ್ಗೆ ಚಾಕ್‌ಪೀಸು, ಟೇಪು ತೆಗೆದುಕೊಂಡು ಇಳಿದರೆ ಸಾಕು. ಡೆಲಿವರಿ ಕೆಲಸ ಕೊಡುವ ಕಂಪನಿಗಳು ಡಿಎಲ್ ಫೋಟೊ ನೋಡಿ ಸುಮ್ಮನಾಗದೆ, ಕೆಲಸಕ್ಕೆ ಇಳಿಸುವ ಮೊದಲು ಅರ್ಧ ದಿನ ಬ್ರೇಕ್ ಅಭ್ಯಾಸ ಮಾಡಿಸಲಿ.

ಇದು ಯಾವುದೂ ಆಗುವವರೆಗೆ ನೀವು ಕಾಯಬೇಕಿಲ್ಲ. ನಿಮ್ಮ ಸ್ಕೂಟರ್‌ನಲ್ಲಿ ಕಾಂಬಿ ಬ್ರೇಕ್ ಇದ್ದರೆ ಎಡಗೈ ಲಿವರ್ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಕೊಡುತ್ತದೆ, ಪೂರ್ತಿ ಶಕ್ತಿ ಬೇಕಾದರೆ ಎರಡೂ ಕೈ ಹಿಂಡಬೇಕು. ಇದು ನಿಮಗೆ ಗೊತ್ತಿತ್ತೇ? ಈ ವಾರ ಜನರಿಲ್ಲದ ಒಂದು ಸುರಕ್ಷಿತ ಜಾಗ ಹುಡುಕಿ, ಹೆಲ್ಮೆಟ್ ಹಾಕಿಕೊಂಡು, 20ರ ವೇಗದಿಂದ ಶುರುಮಾಡಿ. ನಿಮ್ಮ ಗಾಡಿ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ನಿಮ್ಮ ಕಣ್ಣಾರೆ ನೋಡಿ. ಬೈಕಿನ ಮೈಲೇಜ್ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳುತ್ತೇವೆ. ಎಷ್ಟು ಮೀಟರ್‌ಗೆ ನಿಲ್ಲುತ್ತದೆ ಎಂದರೆ ತಲೆ ಕೆರೆದುಕೊಳ್ಳುತ್ತೇವೆ.

ತಂಗಿಗೆ ಈಗ 18 ತುಂಬಿದೆ. ಮೊನ್ನೆ ಎಲ್‌ಎಲ್ ತೆಗೆದುಕೊಂಡು ಬಂದು, “ಅಣ್ಣಾ, ಸ್ಕೂಟರ್ ಓಡ್ಸೋದು ಹೇಳ್ಕೊಡು” ಎಂದಳು. ಆ ಬಲ ಮಣಿಕಟ್ಟು ಚಳಿಯಲ್ಲಿ ಈಗಲೂ ಸ್ವಲ್ಪ ನೋಯುತ್ತದಂತೆ. ಭಾನುವಾರ ಬೆಳಗ್ಗೆ ಕಾಲೇಜಿನ ಅದೇ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಚಾಕ್‌ಪೀಸು ತೆಗೆದಿಟ್ಟಿದ್ದೇನೆ. ಮೊದಲ ಪಾಠ ನಿಲ್ಲಿಸುವುದು, ಓಡಿಸುವುದು ಆಮೇಲೆ.